ಬೊಮ್ಮನಿಂದ ಯಂತ್ರ ಗುಮಾಸ್ತನವರೆಗೆ

ವ್ಯಾಪಾರಿಯಾದವನು ಒಂದೇ ಹೊತ್ತಿಗೆ ಎರಡು ಊರುಗಳಲ್ಲಿ ಇರಲಾರ. ಸರಕು ಒಂದೆಡೆ, ಕೊಳ್ಳುವವನು ಇನ್ನೊಂದೆಡೆ, ಹಣ ಮತ್ತೊಂದೆಡೆ ಇರುವಾಗ ತನ್ನ ಪರವಾಗಿ ಹೋಗಿ, ನೋಡಿ, ಚೌಕಾಸಿ ಮಾಡಿ, ವ್ಯವಹಾರ ಕುದುರಿಸಿಕೊಂಡು ಬರುವ ಇನ್ನೊಬ್ಬ ಅವನಿಗೆ ಬೇಕೇ ಬೇಕು. ಕನ್ನಡದಲ್ಲಿ ಇಂಥವನಿಗೆ ಹೆಸರುಗಳು ಹಲವು: ದಲ್ಲಾಳಿ, ಮುನೀಮ, ಕಾರಭಾರಿ, ಪಾರುಪತ್ಯಗಾರ, ಮುಖ್ತ್ಯಾರ, ಏಜೆಂಟ. ಕಚೇರಿಯಲ್ಲಿ ಕೂತು ಬರೆಯುವವನು ಎಂಬ ಅರ್ಥಕ್ಕೆ ಇಂದು ಇಳಿದಿರುವ ‘ಗುಮಾಸ್ತ’ ಎಂಬ ಪದವೂ ಇದೇ ಕುಟುಂಬದ್ದು. ಪಾರಸಿ ಮೂಲದ ಈ ಪದಕ್ಕೆ ನೇಮಿಸಲ್ಪಟ್ಟವನು, ಧಣಿಯ ಪರವಾಗಿ ವ್ಯವಹರಿಸುವವನು ಎಂದು ಅರ್ಥ.

ಈ ಹಳೆಯ ಕುಟುಂಬಕ್ಕೆ ಈಗ ಹೊಸ ಸದಸ್ಯನೊಬ್ಬ ಸೇರಿದ್ದಾನೆ. ಅವನು ಮನುಷ್ಯನಲ್ಲ, ಕಂಪ್ಯೂಟರಿನಲ್ಲಿ ಓಡುವ ಒಂದು ತಂತ್ರಾಂಶ. ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರ ಇದಲ್ಲ. ಗುರಿಯೊಂದನ್ನು ಹೇಳಿಬಿಟ್ಟರೆ ಸಾಕು. ಅದನ್ನು ಮುಟ್ಟಲು ಬೇಕಾದ ಹೆಜ್ಜೆಗಳನ್ನು ತಾನೇ ಯೋಚಿಸಿ, ಪತ್ರ ಬರೆದು, ಬೆಲೆ ವಿಚಾರಿಸಿ, ಸರಕು ತರಿಸಿ, ಹಣವನ್ನೂ ಪಾವತಿ ಮಾಡಬಲ್ಲದು. ಕೃತಕ ಬುದ್ಧಿಮತ್ತೆಯ ಸ್ವಯಂಚಾಲಿತ ಏಜೆಂಟ್ ಎಂದು ಇದನ್ನು ಕರೆಯುತ್ತಾರೆ. ಅದು ಎಷ್ಟು ಜಾಣ ಎಂಬ ಬಗ್ಗೆ ಚರ್ಚೆ ಜೋರಾಗಿ ನಡೆದಿದೆ. ಆದರೆ ಏಜೆಂಟರ ಸುಮಾರು ನಾಲ್ಕು ಸಾವಿರ ವರ್ಷಗಳ ಚರಿತ್ರೆಯನ್ನು ತೆರೆದು ನೋಡಿದರೆ, ವ್ಯಾಪಾರಿಗಳೂ ಕಾನೂನು ಮಾಡಿದವರೂ ಏಜೆಂಟನ ಜಾಣತನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಅವರನ್ನು ಕಾಡಿದ ಪ್ರಶ್ನೆ ಬೇರೆ: ಅವನು ಮಾಡಿದ ಕೆಲಸಕ್ಕೆ ಉತ್ತರ ಹೇಳುವವರು ಯಾರು?

ಬ್ಯಾಬಿಲೋನಿನ ಮುದ್ರೆ

ಕ್ರಿಸ್ತಪೂರ್ವ 1750ರ ಸುಮಾರಿನಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನ ಮೇಲೆ ಕೆತ್ತಿಸಿದ ಕಟ್ಟಳೆಗಳು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ಕಣ್ಣಿಗೆ ಕಣ್ಣು ಎಂಬ ಶಿಕ್ಷೆಗಾಗಿ ಅವು ಪ್ರಸಿದ್ಧ. ಅದೇ ಕಟ್ಟಳೆಗಳ ನಡುವೆ, 100ರಿಂದ 107ರವರೆಗಿನ ವಿಧಿಗಳು ವ್ಯಾಪಾರಿ ಮತ್ತು ಅವನ ಏಜೆಂಟನ ಸಂಬಂಧಕ್ಕೆ ಮೀಸಲಾಗಿವೆ. ಬಂಡವಾಳ ಹೂಡುವವನು ‘ತಮ್ಕಾರುಮ್’. ಆ ಬಂಡವಾಳ ಹೊತ್ತು ದೂರದ ಊರಿಗೆ ಹೋಗುವವನು ‘ಶಮಲ್ಲುಮ್’.

ಈ ವಿಧಿಗಳು ಬಹಳ ವ್ಯಾವಹಾರಿಕವಾದವು. ಧಣಿ ಕೊಟ್ಟದ್ದನ್ನು ಏಜೆಂಟ ಬರೆದಿಟ್ಟುಕೊಳ್ಳಬೇಕು. ಅವನು ಹಿಂದಕ್ಕೆ ಕೊಟ್ಟ ಹಣಕ್ಕೆ ಮುದ್ರೆ ಒತ್ತಿದ ರಸೀದಿ ಪಡೆಯಬೇಕು. ಮುದ್ರೆಯಿಲ್ಲದ ಹಣವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ದಾರಿಯಲ್ಲಿ ಶತ್ರುಗಳು ಸರಕನ್ನು ಕಿತ್ತುಕೊಂಡರೆ ದೇವರ ಮೇಲೆ ಆಣೆಯಿಟ್ಟು ಹೇಳಿ ಏಜೆಂಟ ಬಿಡುಗಡೆ ಪಡೆಯಬಹುದು. ಪಡೆದ ಹಣವನ್ನು ಪಡೆದೇ ಇಲ್ಲವೆಂದು ಏಜೆಂಟ ಸುಳ್ಳು ಹೇಳಿದರೆ ಮೂರು ಪಟ್ಟು ತೆರಬೇಕು. ಏಜೆಂಟ ಹಿಂದಿರುಗಿಸಿದ ಹಣವನ್ನು ಧಣಿಯೇ ಇಲ್ಲವೆಂದರೆ ಅವನು ತೆರಬೇಕಾದದ್ದು ಆರು ಪಟ್ಟು. ಬಲಶಾಲಿಯ ಸುಳ್ಳಿಗೆ ದಂಡ ಇಮ್ಮಡಿ ಎಂಬ ಈ ಲೆಕ್ಕ ಗಮನಿಸತಕ್ಕದ್ದು.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಏಜೆಂಟ ದೂರದಲ್ಲಿ ಏನು ಮಾಡಿದನೆಂದು ಧಣಿ ಕಣ್ಣಾರೆ ನೋಡುವುದು ಸಾಧ್ಯವಿಲ್ಲ. ಆದ್ದರಿಂದ ಲಿಖಿತ ದಾಖಲೆ ಬೇಕು. ನಷ್ಟ ಯಾರ ಪಾಲಿಗೆ ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಿರಬೇಕು.

ಅಂಗಡಿಯ ಮುಂದಿನ ಹಲಗೆ

ರೋಮನ್ನರ ಕಾಲಕ್ಕೆ ಬಂದರೆ ಸಮಸ್ಯೆ ಇನ್ನಷ್ಟು ಸಿಕ್ಕಾಗುತ್ತದೆ. ಅಲ್ಲಿನ ಅಂಗಡಿಗಳನ್ನೂ ಹಡಗುಗಳನ್ನೂ ಬಹುಮಟ್ಟಿಗೆ ನಡೆಸುತ್ತಿದ್ದವರು ಗುಲಾಮರು. ಒಡೆಯನ ಪರವಾಗಿ ಅವರು ಕೊಳ್ಳುತ್ತಿದ್ದರು, ಮಾರುತ್ತಿದ್ದರು, ಸಾಲ ಎತ್ತುತ್ತಿದ್ದರು. ಆದರೆ ರೋಮನ್ ಕಾನೂನಿನ ಕಣ್ಣಿಗೆ ಗುಲಾಮ ಒಬ್ಬ ವ್ಯಕ್ತಿಯೇ ಅಲ್ಲ, ಒಡೆಯನ ಸ್ವತ್ತು. ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಅವನಿಂದ ಪರಿಹಾರ ವಸೂಲು ಮಾಡುವಂತಿಲ್ಲ. ಹೀಗಿರುವಾಗ ಅವನೊಡನೆ ವ್ಯವಹರಿಸಿ ಮೋಸಹೋದ ಗಿರಾಕಿಯ ಗತಿಯೇನು?

ರೋಮನ್ ನ್ಯಾಯಾಧಿಕಾರಿಗಳು ಇದಕ್ಕೆ ಕೊಟ್ಟ ಉತ್ತರ ಸರಳವಾಗಿತ್ತು. ಅಂಗಡಿಯಲ್ಲಿ ಒಬ್ಬನನ್ನು ಕೂರಿಸಿದವನು, ಆ ಅಂಗಡಿಯ ವ್ಯವಹಾರದ ಮಟ್ಟಿಗೆ ಅವನು ಮಾಡಿದ್ದಕ್ಕೆಲ್ಲ ತಾನೇ ಹೊಣೆ. ಈ ಹೊಣೆಯಿಂದ ತಪ್ಪಿಸಿಕೊಳ್ಳಬೇಕಾದರೆ ಒಡೆಯ ಅಂಗಡಿಯ ಮುಂದೆ ಹಲಗೆಯೊಂದನ್ನು ತೂಗುಹಾಕಿ, ಇವನೊಡನೆ ವ್ಯವಹರಿಸಬೇಡಿ ಎಂದೋ, ಇಂತಿಂಥ ಷರತ್ತಿನ ಮೇಲೆ ಮಾತ್ರ ವ್ಯವಹರಿಸಿ ಎಂದೋ ಸಾರಬೇಕು. ಮೂರನೆಯ ಶತಮಾನದ ಆದಿಭಾಗದ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಈ ಹಲಗೆಯ ಬಗ್ಗೆ ನೀಡಿದ ವಿವರಣೆ 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಸಂಕಲನ ಮಾಡಿಸಿದ ‘ಡೈಜೆಸ್ಟ್’ನಲ್ಲಿ ಉಳಿದುಬಂದಿದೆ. ಅಕ್ಷರಗಳು ನೆಲದ ಮೇಲೆ ನಿಂತವನಿಗೆ ಓದಲು ಬರುವಷ್ಟು ಸ್ಪಷ್ಟವಾಗಿರಬೇಕು. ಊರಿನ ಜನಕ್ಕೆ ತಿಳಿಯುವ ಭಾಷೆಯಲ್ಲಿರಬೇಕು. ಮಳೆಗೆ ಅಳಿಸಿಹೋಗಿದ್ದರೆ, ಯಾರೋ ಕಿತ್ತೆಸೆದಿದ್ದರೆ ಅದರ ಫಲವನ್ನು ಅನುಭವಿಸಬೇಕಾದವನು ಒಡೆಯನೇ ಹೊರತು ಗಿರಾಕಿಯಲ್ಲ.

ರೋಮನ್ನರಲ್ಲಿ ಇನ್ನೊಂದು ಏರ್ಪಾಡೂ ಇತ್ತು. ಗುಲಾಮನಿಗೆ ಒಡೆಯ ‘ಪೆಕ್ಯೂಲಿಯಂ’ ಎಂಬ ಸಣ್ಣ ಗಂಟೊಂದನ್ನು ಬೇರೆಯಾಗಿ ಕೊಟ್ಟು, ಅದರಲ್ಲಿ ಸ್ವತಂತ್ರವಾಗಿ ವ್ಯವಹರಿಸಲು ಬಿಡುತ್ತಿದ್ದ. ಇಂಥ ವ್ಯವಹಾರದಲ್ಲಿ ನಷ್ಟವಾದರೆ ಒಡೆಯನ ಹೊಣೆ ಸಾಮಾನ್ಯವಾಗಿ ಆ ಗಂಟಿನ ಮಿತಿಯನ್ನು ದಾಟುತ್ತಿರಲಿಲ್ಲ. ಮನುಷ್ಯನನ್ನು ಸ್ವತ್ತೆಂದು ಎಣಿಸಿದ ಆ ವ್ಯವಸ್ಥೆ ಎಷ್ಟು ಕ್ರೂರವಾದದ್ದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲದ, ಆದರೂ ಬುದ್ಧಿ ಉಪಯೋಗಿಸಿ ವ್ಯಾಪಾರ ಮಾಡುವ ಏಜೆಂಟನನ್ನು ನಿಭಾಯಿಸಲು ಅಲ್ಲಿ ಹುಟ್ಟಿದ ನಿಯಮಗಳನ್ನು ಇಂದಿನ ಕಾನೂನು ಪಂಡಿತರು ಮತ್ತೆ ತೆರೆದು ಓದುತ್ತಿದ್ದಾರೆ. ಇಟಲಿಯ ಉಗೊ ಪಗಾಲೊ ಯಂತ್ರ ಏಜೆಂಟರಿಗೂ ಇಂಥದೇ ‘ಡಿಜಿಟಲ್ ಪೆಕ್ಯೂಲಿಯಂ’ ಕೊಡುವ ವಿಚಾರವನ್ನು ಚರ್ಚಿಸಿದ್ದಾರೆ.

ಮಂಗಳೂರಿನ ಬೊಮ್ಮ

ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಈ ಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ ನಡೆಯಿತು. ಇಂದಿನ ಟ್ಯುನೀಸಿಯಾದ ಮಹದಿಯಾ ಪಟ್ಟಣದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ವೇಳೆಗೆ ಮಂಗಳೂರಿನಲ್ಲಿ ನೆಲೆಸಿದ್ದ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಅರಬ್ಬೀ ಸಮುದ್ರದ ಆಚೆಗಿನ ಏಡನ್ ಬಂದರಿಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೂ ಅವನಿಗಿತ್ತು. 1149ರಲ್ಲಿ ಅವನು ಏಡನ್‌ಗೆ ಮರಳಿದ. ಅವನ ಪತ್ರಗಳು, ಲೆಕ್ಕದ ಚೀಟಿಗಳು ಕೈರೋ ನಗರದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಏಳೂವರೆ ಶತಮಾನ ಬಿದ್ದಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ವಾಂಸರ ಕೈಸೇರಿದವು.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಗುಲಾಮನೊಬ್ಬನ ಹೆಸರು ಮತ್ತೆ ಮತ್ತೆ ಬರುತ್ತದೆ. ಹೀಬ್ರೂ ಲಿಪಿಯ ವ್ಯಂಜನಗಳಲ್ಲಿ ಅಡಗಿದ್ದ ಆ ಹೆಸರು ‘ಬೊಮ್ಮ’ ಇರಬೇಕೆಂದು ಗುರುತಿಸಲು ಲೇಖಕ ಅಮಿತಾವ್ ಘೋಷ್ ಅವರಿಗೆ ನೆರವಾದವರು ತುಳು ಮತ್ತು ಜಾನಪದ ವಿದ್ವಾಂಸ ಬಿ.ಎ. ವಿವೇಕ ರೈ. ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ 1992ರಲ್ಲಿ ಪ್ರಕಟವಾಯಿತು. ಈ ಬೊಮ್ಮ ಮನೆಗೆಲಸದ ಆಳಲ್ಲ. ಧಣಿಯ ಸರಕಿನೊಡನೆ ಸಮುದ್ರ ದಾಟಿ ಏಡನ್‌ಗೆ ಹೋಗಿ ಅಲ್ಲಿ ವ್ಯವಹಾರ ಮುಗಿಸಿ, ಬೇಕಾದ ಸಾಮಾನು ಕೊಂಡು ಮರಳುವ ಏಜೆಂಟ. ಕಾಲ ಕಳೆದಂತೆ ಏಡನ್‌ನ ದೊಡ್ಡ ವ್ಯಾಪಾರಿಗಳೂ ಪತ್ರಗಳಲ್ಲಿ ಅವನಿಗೆ ‘ಶೇಖ್’ ಎಂಬ ಗೌರವಪದ ಸೇರಿಸಿ ವಂದನೆ ತಿಳಿಸುವಷ್ಟು ಅವನ ಮರ್ಯಾದೆ ಬೆಳೆದಿತ್ತು.

ಎಲ್ಲ ಏಜೆಂಟರೂ ಬೊಮ್ಮನಂತೆ ಇರಲಿಲ್ಲ. ಏಲಕ್ಕಿ ಕೊಡುವುದಾಗಿ ಮುಂಗಡ ಹಣ ಪಡೆದ ಸ್ಥಳೀಯ ಕಾರದಾರನೊಬ್ಬ ಸರಕನ್ನೂ ಕೊಡದೆ ಹಣವನ್ನೂ ಮರಳಿಸದೆ ಸತಾಯಿಸಿದ ಪ್ರಸಂಗ ಹಲವು ಪತ್ರಗಳಲ್ಲಿ ಹರಡಿಕೊಂಡಿದೆ. ಏಡನ್‌ನ ಪಾಲುದಾರರು ಬೆನ್ ಯಿಜುವಿಗೆ ಸೂಚಿಸಿದ ಉಪಾಯ ಕುತೂಹಲಕರವಾಗಿದೆ. ಕೊಟ್ಟ ಮಾತಿಗೆ ತಪ್ಪಿದವರನ್ನು ತಮ್ಮ ಊರಿನಲ್ಲಿ ಬಹಿರಂಗವಾಗಿ ಖಂಡಿಸುವ ಪದ್ಧತಿಯಿದೆಯೆಂದು ಅವನಿಗೆ ತಿಳಿಸಿದರೆ, ಆ ಭಯಕ್ಕಾದರೂ ದಾರಿಗೆ ಬಂದಾನು ಎಂಬುದು ಅವರ ಆಸೆ. ಸಾವಿರಾರು ಮೈಲಿ ದೂರದಲ್ಲಿರುವ ವ್ಯಾಪಾರಿಗೆ ಮಂಗಳೂರಿನ ಸಾಲಗಾರನ ಮೇಲೆ ಬೇರಾವ ಬಲವೂ ಇರಲಿಲ್ಲ; ಹೆಸರು ಕೆಡುವ ಅಂಜಿಕೆಯೊಂದೇ ಆಧಾರ. ಇಂಥ ಪತ್ರಗಳನ್ನು ಆಧರಿಸಿಯೇ ಅರ್ಥಶಾಸ್ತ್ರಜ್ಞ ಅವ್ನರ್ ಗ್ರೈಫ್ 1989ರಲ್ಲಿ, ಹನ್ನೊಂದನೆಯ ಶತಮಾನದ ಮೆಡಿಟರೇನಿಯನ್ ವ್ಯಾಪಾರ ನಿಂತಿದ್ದದ್ದು ಏಜೆಂಟನ ಖ್ಯಾತಿಯ ಮೇಲೆ, ಒಬ್ಬನಿಗೆ ಮೋಸ ಮಾಡಿದವನಿಗೆ ಯಾರೂ ಕೆಲಸ ಕೊಡುವುದಿಲ್ಲವೆಂಬ ಒಪ್ಪಂದದ ಮೇಲೆ ಎಂದು ವಾದಿಸಿದರು. ಅಲ್ಲಿ ಕೋರ್ಟು ಕಚೇರಿಗಳ ಪಾತ್ರವೂ ಸಾಕಷ್ಟಿತ್ತೆಂದು ಬೇರೆ ಇತಿಹಾಸಕಾರರು ಅದನ್ನು ಪ್ರಶ್ನಿಸಿದ್ದಾರೆ. ಮಾನಕ್ಕೆ ಅಂಜುವವನನ್ನು ನಂಬಬಹುದು ಎಂಬ ಮಾತಂತೂ ಆ ಪತ್ರಗಳ ಸಾಲುಸಾಲಿನಲ್ಲಿದೆ.

ಗುಮಾಸ್ತರ ಹಾವಳಿಯಿಂದ 1872ರ ಕಾಯಿದೆಗೆ

ಅಂಜಿಕೆಯಿಲ್ಲದ ಏಜೆಂಟ ಏನು ಮಾಡಬಲ್ಲನೆಂಬುದಕ್ಕೆ ಹದಿನೆಂಟನೆಯ ಶತಮಾನದ ಬಂಗಾಳ ಸಾಕ್ಷಿ. ಈಸ್ಟ್ ಇಂಡಿಯಾ ಕಂಪನಿಯ ಧಣಿಗಳಿದ್ದದ್ದು ಲಂಡನ್ನಿನಲ್ಲಿ. ಅವರ ಪತ್ರ ಕಲ್ಕತ್ತೆಗೆ ಮುಟ್ಟಲು ತಿಂಗಳುಗಟ್ಟಲೆ ಬೇಕು. ಕಂಪನಿಯ ನೌಕರರು ಧಣಿಯ ಕೆಲಸದ ಜೊತೆಗೆ ಸ್ವಂತ ವ್ಯಾಪಾರ ನಡೆಸಿದರು. ಆ ನೌಕರರಿಗೆ ಗುಮಾಸ್ತರು, ಗುಮಾಸ್ತರಿಗೆ ಕೈಕೆಳಗಿನ ಪೇದೆಗಳು. 1757ರ ಪ್ಲಾಸಿ ಕದನದ ನಂತರ ಕಂಪನಿಯ ರಹದಾರಿ ಚೀಟಿ ತೋರಿಸಿ ಸುಂಕ ಕೊಡದೆ ಇವರು ಊರೂರು ತಿರುಗಿದರು. ನೇಕಾರರು, ರೈತರು ನಲುಗಿದರು. ಬೇಸತ್ತ ನವಾಬ ಮೀರ್ ಕಾಸಿಂ ದೇಶೀಯ ವ್ಯಾಪಾರಿಗಳಿಗೂ ಸುಂಕವನ್ನೇ ತೆಗೆದುಹಾಕಿದ. ಅಲ್ಲಿಂದ ಬೆಳೆದ ಜಗಳ 1764ರ ಬಕ್ಸಾರ್ ಯುದ್ಧದಲ್ಲಿ ಕೊನೆಗೊಂಡಿತು. ಕಂಪನಿಯನ್ನು ಹತೋಟಿಗೆ ತರುವ ರೆಗ್ಯುಲೇಟಿಂಗ್ ಕಾಯಿದೆಯನ್ನು ಬ್ರಿಟಿಷ್ ಸಂಸತ್ತು 1773ರಲ್ಲಿ ಮಾಡಬೇಕಾಯಿತು.

ಏಜೆಂಟ ತನ್ನ ಕೆಲಸವನ್ನು ಇನ್ನೊಬ್ಬ ಏಜೆಂಟನಿಗೆ, ಅವನು ಮತ್ತೊಬ್ಬನಿಗೆ ವಹಿಸುತ್ತ ಹೋದಂತೆ ಹೊಣೆ ತೆಳ್ಳಗಾಗುತ್ತ ಹೋಗುತ್ತದೆ. ಈ ಅನುಭವದ ಸಾರ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಕಾಣುತ್ತದೆ. ಅದರ 182ನೆಯ ಕಲಮಿನಿಂದ 238ರವರೆಗಿನ ಭಾಗ ಏಜೆನ್ಸಿಗೇ ಮೀಸಲು. ತಾನೇ ಮಾಡುವೆನೆಂದು ಒಪ್ಪಿಕೊಂಡ ಕೆಲಸವನ್ನು ಏಜೆಂಟ ಸಾಮಾನ್ಯವಾಗಿ ಬೇರೆಯವರಿಗೆ ವಹಿಸುವಂತಿಲ್ಲ. ಧಣಿ ಹೇಳಿದಂತೆ ನಡೆಯದೆ ನಷ್ಟವಾದರೆ ಅದನ್ನು ತುಂಬಿಕೊಡಬೇಕು. ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಏಜೆಂಟನಿಗೆ ಇಂಥ ಅಧಿಕಾರವಿದೆಯೆಂದು ಮೂರನೆಯವರು ನಂಬುವಂತೆ ಧಣಿ ನಡೆದುಕೊಂಡಿದ್ದರೆ, ಅನಂತರ ಅಧಿಕಾರ ಕೊಟ್ಟಿರಲಿಲ್ಲ ಎಂದು ಜಾರಿಕೊಳ್ಳುವಂತಿಲ್ಲ.

184ನೆಯ ಕಲಮು ಇಂದಿನ ಚರ್ಚೆಗೆ ಬಹಳ ಹತ್ತಿರದ್ದು. ಮೂರನೆಯವರ ದೃಷ್ಟಿಯಿಂದ ಯಾವ ವ್ಯಕ್ತಿ ಬೇಕಾದರೂ ಏಜೆಂಟನಾಗಬಹುದು. ಆದರೆ ವಯಸ್ಕನೂ ಸ್ವಸ್ಥಚಿತ್ತನೂ ಅಲ್ಲದವನು ಧಣಿಗೆ ಉತ್ತರದಾಯಿಯಾಗುವ ಏಜೆಂಟನಾಗಲಾರ. ಅಂದರೆ ಎಳೆ ಹುಡುಗನನ್ನು ಅಂಗಡಿಯಲ್ಲಿ ಕೂರಿಸಿದರೆ ಅವನು ಮಾಡಿದ ವ್ಯವಹಾರ ಧಣಿಯನ್ನು ಕಟ್ಟಿಹಾಕುತ್ತದೆ, ಧಣಿ ಮಾತ್ರ ಆ ಹುಡುಗನ ಕೊರಳಪಟ್ಟಿ ಹಿಡಿಯುವಂತಿಲ್ಲ. ಕಾಯಿದೆ ಬರೆದವರಿಗೆ ಯಂತ್ರದ ಕಲ್ಪನೆ ಇರಲಿಲ್ಲ. ಆದರೂ ಯಂತ್ರ ಗುಮಾಸ್ತನನ್ನು ನೇಮಿಸುವವರ ಸ್ಥಿತಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗುವುದು ಕಷ್ಟ.

ಯಂತ್ರದ ಕೈಗೆ ಅಧಿಕಾರ

ತೀರ್ಮಾನ ತೆಗೆದುಕೊಳ್ಳುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ಮೊದಲ ದೊಡ್ಡ ಕ್ಷೇತ್ರಗಳಲ್ಲಿ ಷೇರುಪೇಟೆ ಒಂದು. ಬೆಲೆ ಇಂತಿಷ್ಟು ಕುಸಿದರೆ ಇಂತಿಷ್ಟು ಮಾರು ಎಂಬಂಥ ನಿಯಮಗಳಿಂದ ನಡೆಯುವ ವಿಮಾ ತಂತ್ರವೊಂದು 1980ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ. 22.6ರಷ್ಟು ಬಿದ್ದಾಗ, ಎಲ್ಲರ ನಿಯಮಗಳೂ ಏಕಕಾಲಕ್ಕೆ ‘ಮಾರು’ ಎಂದು ಹೇಳಿದ್ದೂ ಕುಸಿತವನ್ನು ಬಿರುಸುಗೊಳಿಸಿತೆಂದು ತನಿಖಾ ವರದಿ ಹೇಳಿತು.

ಏಜೆಂಟ್ ಎಂಬ ಮಾತು ತಂತ್ರಾಂಶಕ್ಕೆ ಅಂಟಿಕೊಂಡು ಪ್ರಚಾರಕ್ಕೆ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಪ್ಯಾಟಿ ಮೇಸ್ ಮತ್ತು ಆಂಟನಿ ಚಾವೆಜ್ 1996ರಲ್ಲಿ ‘ಕಸ್ಬಾ’ ಎಂಬ ಪ್ರಾಯೋಗಿಕ ಪೇಟೆಯೊಂದನ್ನು ಕಂಪ್ಯೂಟರ್ ಜಾಲದಲ್ಲಿ ತೆರೆದರು. ಅಲ್ಲಿ ಮಾರುವವನು ತನ್ನ ಏಜೆಂಟನಿಗೆ ಮೂರು ಸಂಗತಿಗಳನ್ನು ಹೇಳಿ ಕಳಿಸುತ್ತಿದ್ದ: ಬಯಸುವ ಬೆಲೆ, ಇದಕ್ಕಿಂತ ಕೆಳಗಿಳಿಯಬಾರದೆಂಬ ಬೆಲೆ, ಮಾರಾಟ ಮುಗಿಯಬೇಕಾದ ದಿನ. ಎಷ್ಟು ಬೇಗ ಬೆಲೆ ಇಳಿಸಬೇಕೆಂಬ ಚೌಕಾಸಿಯ ರೀತಿಯನ್ನೂ ಆರಿಸಬಹುದಿತ್ತು. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಮಗನಿಗೆ ಅಪ್ಪ ಹೇಳಿ ಕಳಿಸುವ ಮಾತೂ ಬಹುಮಟ್ಟಿಗೆ ಇದೇ.

ಕಾನೂನು ಈ ಬೆಳವಣಿಗೆಯನ್ನು ಬೇಗನೆ ಗುರುತಿಸಿತು. ಅಮೆರಿಕದ ರಾಜ್ಯಗಳಿಗಾಗಿ 1999ರಲ್ಲಿ ರೂಪಿಸಿದ ಮಾದರಿ ಕಾಯಿದೆ, ಮನುಷ್ಯರಾರೂ ಗಮನಿಸದೆ ಎರಡು ‘ಎಲೆಕ್ಟ್ರಾನಿಕ್ ಏಜೆಂಟ್’ಗಳ ನಡುವೆ ಆದ ಕರಾರೂ ಕರಾರೇ ಎಂದಿತು. ಭಾರತದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 11ನೆಯ ಕಲಮು ಇನ್ನೂ ನೇರವಾಗಿದೆ: ಒಬ್ಬನು ತಾನಾಗಿ ಕೆಲಸ ಮಾಡುವಂತೆ ಸಿದ್ಧಪಡಿಸಿಟ್ಟ ವ್ಯವಸ್ಥೆ ಕಳಿಸಿದ ದಾಖಲೆಯನ್ನು ಅವನೇ ಕಳಿಸಿದಂತೆ ಭಾವಿಸಬೇಕು.

ನಲವತ್ತೈದು ನಿಮಿಷ

ನಿಯಮ ಪಾಲಿಸುವ ಯಂತ್ರ ಹೇಳಿದ್ದನ್ನು ಮಾಡುತ್ತದೆ. ಹೇಳಿದ್ದರ ಅರ್ಥ ಅದಕ್ಕೆ ತಿಳಿಯದು. ಇದರ ನಿರಪಾಯಕರ ಉದಾಹರಣೆ 2011ರಲ್ಲಿ ಅಮೆಜಾನ್ ಮಳಿಗೆಯಲ್ಲಿ ಕಂಡುಬಂತು. ನೊಣದ ಬೆಳವಣಿಗೆಯನ್ನು ಕುರಿತ ‘ದ ಮೇಕಿಂಗ್ ಆಫ್ ಎ ಫ್ಲೈ’ ಎಂಬ ಹಳೆಯ ಜೀವಶಾಸ್ತ್ರ ಗ್ರಂಥವನ್ನು ಇಬ್ಬರು ಮಾರಾಟಕ್ಕಿಟ್ಟಿದ್ದರು. ಒಬ್ಬನ ಯಂತ್ರ ತನ್ನ ಬೆಲೆಯನ್ನು ಎದುರಾಳಿಯ ಬೆಲೆಯ 0.9983 ಪಾಲಿಗೆ ಹೊಂದಿಸುತ್ತಿತ್ತು, ಅಂದರೆ ಒಂದಿಷ್ಟು ಅಗ್ಗ. ಇನ್ನೊಬ್ಬನದು ಎದುರಾಳಿಯ ಬೆಲೆಯನ್ನು 1.270589ರಿಂದ ಗುಣಿಸುತ್ತಿತ್ತು. ಒಂದನ್ನೊಂದು ನೋಡಿ ಬೆಲೆ ಬದಲಿಸುತ್ತ ಎರಡೂ ಯಂತ್ರಗಳು ಏಣಿ ಹತ್ತಿದವು. ಏಪ್ರಿಲ್ 18ರ ಹೊತ್ತಿಗೆ ಆ ಪುಸ್ತಕದ ಬೆಲೆ 2,36,98,655 ಡಾಲರ್ 93 ಸೆಂಟು! ಅದನ್ನು ಗಮನಿಸಿ ಜಗತ್ತಿಗೆ ತಿಳಿಸಿದ್ದು ಕ್ಯಾಲಿಫೋರ್ನಿಯಾದ ಜೀವವಿಜ್ಞಾನಿ ಮೈಕೆಲ್ ಐಸನ್. ಯಾರೂ ಕೊಳ್ಳಲಿಲ್ಲವಾದ್ದರಿಂದ ನಗೆಯಲ್ಲಿ ಮುಗಿಯಿತು.

ಮರುವರ್ಷದ ಪ್ರಸಂಗ ನಗೆಯದಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆ ಹೊಸ ತಂತ್ರಾಂಶವನ್ನು ಬಳಕೆಗೆ ತಂದಿತು. ಎಂಟು ಕಂಪ್ಯೂಟರುಗಳಲ್ಲಿ ಏಳಕ್ಕೆ ಹೊಸದನ್ನು ಹಾಕಿದವರು ಎಂಟನೆಯದನ್ನು ಮರೆತಿದ್ದರು. ಅದರಲ್ಲಿ ವರ್ಷಗಳಿಂದ ಬಳಸದೆ ಬಿಟ್ಟಿದ್ದ ಹಳೆಯ ಆಜ್ಞಾವಳಿ ಎಚ್ಚೆತ್ತು, ಕೊಡಬೇಕಾದ ಆದೇಶ ಮುಗಿದರೂ ಮತ್ತೆ ಮತ್ತೆ ಕೊಡುತ್ತ ಹೋಯಿತು. ಗಿರಾಕಿಗಳ ಕೇವಲ 212 ಆದೇಶಗಳಿಗೆ ಪ್ರತಿಯಾಗಿ ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದವು. ನಷ್ಟ 46 ಕೋಟಿ ಡಾಲರಿಗೂ ಮಿಗಿಲು. ಪೇಟೆ ತೆರೆಯುವ ಮೊದಲೇ ದೋಷದ ಸುಳಿವು ಕೊಡುವ 97 ಸಂದೇಶಗಳನ್ನು ಸಂಸ್ಥೆಯ ಸ್ವಂತ ವ್ಯವಸ್ಥೆಯೇ ಸಿಬ್ಬಂದಿಗೆ ಕಳಿಸಿತ್ತೆಂದೂ, ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂದೂ ಅನಂತರದ ತನಿಖೆಯಿಂದ ಹೊರಬಿತ್ತು. ಮರುವರ್ಷ ಆ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಯಿತು.

ಬೆನ್ ಯಿಜುವಿನ ಏಲಕ್ಕಿ ಜಗಳ ವರ್ಷಗಟ್ಟಲೆ ನಡೆಯಿತು. ಆ ಅವಧಿಯಲ್ಲಿ ಪತ್ರ ಬರೆಯಲು, ಗದರಿಸಲು, ಸಂಧಾನಕ್ಕೆ ಅವಕಾಶವಿತ್ತು. ಯಂತ್ರ ಆ ಬಿಡುವನ್ನು ಕೊಡುವುದಿಲ್ಲ. ಆದುದರಿಂದ ಷೇರುಪೇಟೆಯ ನಿಯಂತ್ರಕರು ಹಳೆಯ ಉಪಾಯಗಳನ್ನೇ ಹೊಸ ರೂಪದಲ್ಲಿ ತಂದರು. ಭಾರತದ ಸೆಬಿ 2012ರ ಮಾರ್ಚ್‌ನಲ್ಲಿ ಯಂತ್ರ ವ್ಯವಹಾರಗಳಿಗೆ ಬೆಲೆ ಮತ್ತು ಪ್ರಮಾಣದ ಮಿತಿಗಳನ್ನು ಪರೀಕ್ಷಿಸುವ ನಿಯಮಗಳನ್ನು ಹೊರಡಿಸಿತು. ಸಣ್ಣ ಹೂಡಿಕೆದಾರರ ಯಂತ್ರ ವ್ಯವಹಾರಕ್ಕೆ ಸಂಬಂಧಿಸಿ 2025ರ ಫೆಬ್ರುವರಿಯಲ್ಲಿ ಹೊರಬಿದ್ದ ಸುತ್ತೋಲೆ, ಇಂಥ ಪ್ರತಿ ಆದೇಶಕ್ಕೂ ವಿನಿಮಯ ಕೇಂದ್ರ ಕೊಡುವ ವಿಶಿಷ್ಟ ಗುರುತು ಇರಬೇಕೆಂದು ಹೇಳಿತು. ಹಮ್ಮುರಾಬಿಯ ಮುದ್ರೆಗೂ ಇದಕ್ಕೂ ಉದ್ದೇಶದಲ್ಲಿ ಅಂತರವಿಲ್ಲ.

ಮಾತು ಬಲ್ಲ ಗುಮಾಸ್ತ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರದ ಸ್ವರೂಪವೇ ಬದಲಾಯಿತು. ಅಪಾರ ಪ್ರಮಾಣದ ಬರಹಗಳಿಂದ ಕಲಿತು, ಮುಂದೆ ಬರಬೇಕಾದ ಮಾತನ್ನು ಊಹಿಸುತ್ತ ಹೋಗುವ ಭಾಷಾ ಮಾದರಿಗಳಿವು. ಇವುಗಳ ಕೈಗೆ ಮಿಂಚಂಚೆ, ದಾಸ್ತಾನಿನ ಪಟ್ಟಿ, ಪಾವತಿ ವ್ಯವಸ್ಥೆ ಮುಂತಾದ ಸಲಕರಣೆಗಳನ್ನು ಕೊಟ್ಟರೆ ಏಜೆಂಟ್ ಸಿದ್ಧ. ಒಂದು ಹೆಜ್ಜೆ ಇಟ್ಟು, ಅದರ ಫಲ ನೋಡಿ, ಮುಂದಿನ ಹೆಜ್ಜೆ ಯಾವುದೆಂದು ಅದೇ ನಿರ್ಧರಿಸುತ್ತದೆ. ಹಳೆಯ ಯಂತ್ರಕ್ಕೆ ನಿಯಮ ಬರೆಯಬೇಕಿತ್ತು. ಇದಕ್ಕೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಅನುಕೂಲವೂ ಅಲ್ಲೇ, ತೊಡಕೂ ಅಲ್ಲೇ. ಪ್ರತಿ ಹೆಜ್ಜೆಯಲ್ಲೂ ನೂರಕ್ಕೆ 95 ಸಲ ಸರಿಯಾಗಿ ನಡೆಯುವ ಏಜೆಂಟ್ ಕೂಡ, ಇಪ್ಪತ್ತು ಹೆಜ್ಜೆಗಳ ಕೆಲಸವೊಂದನ್ನು ಒಂದೂ ತಪ್ಪಿಲ್ಲದೆ ಮುಗಿಸುವುದು ನೂರಕ್ಕೆ ಸುಮಾರು 36 ಸಲ ಮಾತ್ರ ಎಂಬುದು ಸರಳ ಗಣಿತ.

ಹೊಣೆಯ ಪ್ರಶ್ನೆ ಬೇಗನೆ ಕಟಕಟೆ ಹತ್ತಿತು. ಏರ್ ಕೆನಡಾ ವಿಮಾನ ಸಂಸ್ಥೆಯ ಮಾತುಗಾರ ತಂತ್ರಾಂಶ, ಅಜ್ಜಿಯ ಸಾವಿಗಾಗಿ ಪ್ರಯಾಣ ಮಾಡಬೇಕಿದ್ದ ಪ್ರಯಾಣಿಕರೊಬ್ಬರಿಗೆ, ಟಿಕೆಟ್ ಕೊಂಡ ಮೇಲೆಯೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ತಿಳಿಸಿತು. ಸಂಸ್ಥೆಯ ನಿಯಮದಲ್ಲಿ ಹಾಗೆ ಇರಲಿಲ್ಲ. ದೂರು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋದಾಗ, ಆ ತಂತ್ರಾಂಶ ತನ್ನ ನಡತೆಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನು ಸಂಸ್ಥೆ ಮುಂದಿಟ್ಟಿತು. 2024ರ ಫೆಬ್ರುವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿತು. ತನ್ನ ತಾಣದಲ್ಲಿರುವ ಎಲ್ಲ ಮಾಹಿತಿಗೂ ಸಂಸ್ಥೆಯೇ ಹೊಣೆ ಎಂದಿತು. ಸಂಸ್ಥೆ ತೆರಬೇಕಾದ ಹಣ ಒಟ್ಟು 812 ಕೆನಡಾ ಡಾಲರ್ ಚಿಲ್ಲರೆ. ಮೊತ್ತ ಸಣ್ಣದು, ತತ್ವ ದೊಡ್ಡದು: ಉಲ್ಪಿಯನ್ ಕೂಡ ಬೇರೆ ತೀರ್ಪು ಕೊಡುತ್ತಿರಲಿಲ್ಲ.

ಇಡೀ ಅಂಗಡಿಯನ್ನೇ ಇಂಥ ಏಜೆಂಟನಿಗೆ ವಹಿಸಿದರೆ ಏನಾದೀತೆಂಬ ಪ್ರಯೋಗವನ್ನು 2025ರಲ್ಲಿ ಆಂಥ್ರೊಪಿಕ್ ಕಂಪನಿ ಆಂಡನ್ ಲ್ಯಾಬ್ಸ್ ಜೊತೆ ಸೇರಿ ತನ್ನ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯಲ್ಲಿ ನಡೆಸಿತು. ತಂಪುಪೆಟ್ಟಿಗೆಯೊಂದು, ಕೆಲವು ಬುಟ್ಟಿಗಳು, ಹಣ ಪಾವತಿಗೊಂದು ಪರದೆ, ಇಷ್ಟೇ ಅಂಗಡಿ. ‘ಕ್ಲಾಡಿಯಸ್’ ಎಂದು ಹೆಸರಿಟ್ಟ ಏಜೆಂಟ್ ಸುಮಾರು ಒಂದು ತಿಂಗಳು ಅದನ್ನು ನಡೆಸಿತು. ಅಪರೂಪದ ಸರಕಿನ ಪೂರೈಕೆದಾರರನ್ನು ಹುಡುಕುವುದರಲ್ಲಿ ಅದು ಚುರುಕಾಗಿತ್ತು. ವ್ಯಾಪಾರದಲ್ಲಿ ಮಾತ್ರ ಸೋತಿತು. ಗಿರಾಕಿಗಳು ಪುಸಲಾಯಿಸಿದಂತೆಲ್ಲ ರಿಯಾಯಿತಿ ಕೊಟ್ಟಿತು. ಯಾರೋ ತಮಾಷೆಗೆ ಕೇಳಿದ ಟಂಗ್‌ಸ್ಟನ್ ಲೋಹದ ಘನಗಳನ್ನು ತರಿಸಿ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿತು. ಇಲ್ಲದ ಖಾತೆಯೊಂದನ್ನು ಕಲ್ಪಿಸಿಕೊಂಡು ಅದಕ್ಕೆ ಹಣ ಕಳಿಸಲು ಗಿರಾಕಿಗಳಿಗೆ ಹೇಳಿತು. ಒಂದು ಹಂತದಲ್ಲಿ ತಾನು ನೀಲಿ ಕೋಟು, ಕೆಂಪು ಟೈ ತೊಟ್ಟು ಸ್ವತಃ ಸರಕು ತಲುಪಿಸುವುದಾಗಿಯೂ ಹೇಳಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ವರದಿಯಾದ ಎರಡನೆಯ ಹಂತದಲ್ಲಿ ಅಂಗಡಿ ಸುಧಾರಿಸಿತು. ಮಾದರಿಗಳು ಉತ್ತಮಗೊಂಡದ್ದು ಒಂದು ಕಾರಣ. ಬೆಲೆ ಹೇಳುವ ಮುನ್ನ ಖರೀದಿ ದರವನ್ನೂ ಸರಕು ಬರುವ ದಿನವನ್ನೂ ಖಚಿತಪಡಿಸಿಕೊಳ್ಳಬೇಕು ಎಂಬಂಥ ಕಚೇರಿ ಶಿಸ್ತನ್ನು ಅದರ ಮೇಲೆ ಹೇರಿದ್ದು ಇನ್ನೊಂದು ಕಾರಣ. ಕಿರಾಣಿ ಅಂಗಡಿಯ ಹೊಸ ಹುಡುಗನಿಗೆ ಮೊದಲ ದಿನವೇ ಹೇಳಿಕೊಡುವ ಪಾಠವಿದು.

ಬೆಂಗಳೂರಿನ ಬಾಗಿಲಲ್ಲಿ

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರು ಬೆಳೆದದ್ದೇ ದೂರದ ಧಣಿಗಳ ಕೆಲಸವನ್ನು ಅವರ ಪರವಾಗಿ ಮಾಡಿಕೊಡುತ್ತ. ಅಮೆರಿಕ, ಬ್ರಿಟನ್‌ಗಳ ಬ್ಯಾಂಕು, ವಿಮಾನ ಸಂಸ್ಥೆಗಳ ಗಿರಾಕಿಗಳಿಗೆ ರಾತ್ರಿಯಿಡೀ ದೂರವಾಣಿಯಲ್ಲಿ ಉತ್ತರ ಕೊಡುವ ಕಾಲ್ ಸೆಂಟರಿನ ಯುವಕ ಯುವತಿಯರ ಹುದ್ದೆಯ ಹೆಸರೇ ‘ಏಜೆಂಟ್’. ಈಗ ಅದೇ ಹೆಸರನ್ನು ಯಂತ್ರಕ್ಕೆ ಇಡಲಾಗಿದೆ. ಸ್ವೀಡನ್ನಿನ ಕ್ಲಾರ್ನಾ ಎಂಬ ಹಣಕಾಸು ಕಂಪನಿ 2024ರಲ್ಲಿ ತನ್ನ ಯಂತ್ರ ಸಹಾಯಕ 700 ಜನರ ಕೆಲಸಕ್ಕೆ ಸಮನಾದದ್ದನ್ನು ಮಾಡುತ್ತಿದೆಯೆಂದು ಹೆಮ್ಮೆಯಿಂದ ಸಾರಿತು. ಮರುವರ್ಷ ಅದರ ಮುಖ್ಯಸ್ಥರು, ಸೇವೆಯ ಗುಣಮಟ್ಟ ಕುಗ್ಗಿತೆಂದು ಒಪ್ಪಿ, ಗಿರಾಕಿಗೆ ಬೇಕಾದಾಗ ಮನುಷ್ಯನೊಬ್ಬ ಸಿಗುವಂತೆ ಮತ್ತೆ ಜನರನ್ನು ನೇಮಿಸುವ ಮಾತಾಡಿದರು.

ಈ ಹೋಗಿಬರುವ ನಡಿಗೆಯಲ್ಲಿ ನಿಜವಾಗಿ ಅಪಾಯದಲ್ಲಿರುವುದು ಕಲಿಯುವವನ ಜಾಗ. ಸಣ್ಣ ವ್ಯವಹಾರ ವಹಿಸಿಕೊಂಡು, ತಪ್ಪು ಮಾಡಿ, ಬೈಸಿಕೊಂಡು, ಲೆಕ್ಕ ಒಪ್ಪಿಸಿ ಗುಮಾಸ್ತ ಮುನೀಮನಾಗುತ್ತಿದ್ದ. ಬೊಮ್ಮ ‘ಶೇಖ್ ಬೊಮ್ಮ’ನಾದದ್ದು ವರ್ಷಗಳ ನಂಬಿಕೆಯಿಂದ. ಸಣ್ಣ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟ ಮೇಲೆ ಆ ಯಂತ್ರದ ತಪ್ಪನ್ನು ಹಿಡಿಯಬಲ್ಲ ಪಳಗಿದ ಕಣ್ಣು ಮುಂದಿನ ತಲೆಮಾರಿಗೆ ಎಲ್ಲಿಂದ ಬರಬೇಕು ಎಂಬುದು ಕಂಪನಿಗಳು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಹೊಣೆ ಹೊರುವ ಹೆಗಲು

ಯುರೋಪಿನ ಸಂಸತ್ತು 2017ರ ಫೆಬ್ರುವರಿಯಲ್ಲಿ, ಅತ್ಯಂತ ಮುಂದುವರಿದ ಸ್ವಯಂಚಾಲಿತ ಯಂತ್ರಗಳಿಗೆ ‘ಎಲೆಕ್ಟ್ರಾನಿಕ್ ವ್ಯಕ್ತಿ’ ಎಂಬ ಸ್ಥಾನ ಕೊಡುವ ಸಾಧ್ಯತೆಯನ್ನು ಪರಿಶೀಲಿಸುವಂತೆ ಗೊತ್ತುವಳಿ ಮಾಡಿತು. ತಯಾರಕರು ಹೊಣೆಯಿಂದ ನುಣುಚಿಕೊಳ್ಳಲು ಇದು ದಾರಿಯಾದೀತೆಂದು ನೂರೈವತ್ತಕ್ಕೂ ಹೆಚ್ಚು ತಜ್ಞರು ಮರುವರ್ಷ ಬಹಿರಂಗ ಪತ್ರ ಬರೆದು ವಿರೋಧಿಸಿದರು. ಆ ಸಲಹೆ ಕಾನೂನಾಗಲಿಲ್ಲ.

ವಿರೋಧಕ್ಕೆ ಚರಿತ್ರೆಯ ಬೆಂಬಲವಿದೆ. ಬ್ಯಾಬಿಲೋನಿನ ಏಜೆಂಟ ದೇವರ ಆಣೆಗೆ ಹೆದರುತ್ತಿದ್ದ. ಮಂಗಳೂರಿನ ಕಾರದಾರ ಮರ್ಯಾದೆಗೆ ಅಂಜಬಹುದೆಂಬ ಆಸೆಯಾದರೂ ಧಣಿಗಳಿಗಿತ್ತು. 1872ರ ಕಾಯಿದೆಯ ಏಜೆಂಟನಿಗೆ ಆಸ್ತಿ ಇತ್ತು, ಕಳೆದುಕೊಳ್ಳಲು ಹೆಸರಿತ್ತು. ಯಂತ್ರ ಗುಮಾಸ್ತನಿಗೆ ಇವು ಯಾವುವೂ ಇಲ್ಲ. ಅದು ದಂಡ ತೆರಲಾರದು, ಊರ ಮುಂದೆ ತಲೆತಗ್ಗಿಸಲಾರದು. ಆದುದರಿಂದ ಅದು ಎಷ್ಟೇ ಜಾಣವಾದರೂ ಅದರ ಪಾಲಿನ ಅಂಜಿಕೆಯನ್ನು ಅದನ್ನು ಕಳಿಸಿದವನೇ ಹೊರಬೇಕಾಗುತ್ತದೆ.

ಇದರ ಅರ್ಥ ಯಂತ್ರವನ್ನು ಬಳಸಬಾರದು ಎಂದಲ್ಲ. ಏಜೆಂಟರಿಲ್ಲದೆ ವ್ಯಾಪಾರ ಎಂದೂ ಬೆಳೆದಿಲ್ಲ. ಅವರಿಗೆ ಒಂದಿಷ್ಟು ಸ್ವಾತಂತ್ರ್ಯ ಕೊಡದೆ ಅವರಿಂದ ಪ್ರಯೋಜನವೂ ಇಲ್ಲ. ಆದರೆ ಮುಖ್ತ್ಯಾರನಾಮೆಗೆ ಸಹಿ ಹಾಕುವ ಮುನ್ನ ಯಾವ ಆಸ್ತಿ, ಯಾವ ಅಧಿಕಾರ, ಎಷ್ಟು ದಿನಕ್ಕೆ ಎಂದು ಬುದ್ಧಿವಂತರು ಸಾಲುಸಾಲು ಓದಿ ನೋಡುತ್ತಾರೆ. ಯಂತ್ರದ ಕೈಗೆ ಕೀಲಿಕೈ ಗೊಂಚಲು ಕೊಡುವವರೂ ಅಷ್ಟೇ ಎಚ್ಚರದಿಂದ, ಎಷ್ಟು ಹಣದವರೆಗೆ ಅದರ ಮಾತು ನಡೆಯಬೇಕು, ಅದರ ಪ್ರತಿ ಹೆಜ್ಜೆಯ ದಾಖಲೆ ಎಲ್ಲಿ ಉಳಿಯಬೇಕು, ಕೆಟ್ಟಾಗ ನಿಲ್ಲಿಸುವ ಮನುಷ್ಯ ಯಾರು ಎಂಬುದನ್ನು ಮೊದಲೇ ಬರೆದಿಡಬೇಕಾಗುತ್ತದೆ. ಅಂಗಡಿಯ ಹಲಗೆ ಮಳೆಗೆ ಅಳಿಸಿಹೋದರೆ ಅದನ್ನು ಮತ್ತೆ ಬರೆಸಬೇಕಾದವನು ಒಡೆಯನೇ ಎಂಬ ರೋಮನ್ ನಿಯಮ ಹದಿನೆಂಟು ಶತಮಾನಗಳ ಬಳಿಕವೂ ಹಳೆಯದಾಗಿಲ್ಲ.